ಹೊಡೆದು ಹಾಕುವ ಮುನ್ನ ಬಿಡಿಸಿ ನೋಡಿ

16 ಬರೆದು, ಅದರ ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ 64 ಬರೆಯಿರಿ. ಮೇಲೊಂದು 6 ಇದೆ, ಕೆಳಗೊಂದು 6 ಇದೆ. ಎರಡನ್ನೂ ಹೊಡೆದು ಹಾಕಿದರೆ ಉಳಿಯುವುದು 1/4. ಉತ್ತರ ಸರಿಯಾಗಿಯೇ ಇದೆ, ದಾರಿ ಮಾತ್ರ ಪೂರ್ತಿ ತಪ್ಪು. 19/95ರಲ್ಲಿ 9 ಹೊಡೆದರೆ 1/5 ಸಿಗುತ್ತದೆ. 26/65ರಲ್ಲಿ 6 ಹೊಡೆದರೆ 2/5. 49/98ರಲ್ಲಿ 9 ಹೊಡೆದರೆ 4/8, ಅಂದರೆ ಅರ್ಧ. ಸೊನ್ನೆ ಹೊಡೆಯುವ 10/20ರಂಥವನ್ನು ಬಿಟ್ಟರೆ, ಒಂದಕ್ಕಿಂತ ಚಿಕ್ಕದಾದ ಎರಡಂಕಿಯ ಭಿನ್ನರಾಶಿಗಳಲ್ಲಿ ಹೀಗೆ ಅಡ್ಡದಾರಿ ಹಿಡಿದೂ ಊರು ಸೇರುವವು ಈ ನಾಲ್ಕೇ. ಐದನೆಯದು ಇಲ್ಲ. ಅದೇ ಧೈರ್ಯದಲ್ಲಿ 12/24ರಲ್ಲಿ 2 ಹೊಡೆದರೆ 1/4 ಬರುತ್ತದೆ, ಸರಿಯುತ್ತರ 1/2.

16/64ರ ತಮಾಷೆ ನೋಡಿ ನಗುವ ನಾವು, ಬೀಜಗಣಿತಕ್ಕೆ ಬಂದ ಕೂಡಲೇ ಅದನ್ನೇ ಗಂಭೀರವಾಗಿ ಮಾಡುತ್ತೇವೆ. ಎಕ್ಸ್‌ರೇಗೆ ಕ್ಷ-ಕಿರಣ ಎನ್ನುವ ಹಾಗೆ ಗೊತ್ತಿಲ್ಲದ ಸಂಖ್ಯೆಯನ್ನು ಇಲ್ಲಿ ‘ಕ್ಷ’ ಎಂದೇ ಕರೆಯೋಣ. (7ಕ್ಷ + 5)/5 ಎಂದು ಕೊಟ್ಟರೆ ಮೇಲಿನ 5, ಕೆಳಗಿನ 5 ಎರಡನ್ನೂ ಹೊಡೆದು 7ಕ್ಷ ಎಂದು ಬರೆದ ನೋಟ್‌ಬುಕ್ ಯಾವ ಶಾಲೆಯಲ್ಲಿ ಬೇಕಾದರೂ ಸಿಗುತ್ತದೆ. 3ಕ್ಷ/(3ಕ್ಷ + 2) ಕೊಟ್ಟರೆ 3ಕ್ಷ ಎರಡೂ ಕಡೆ ಇದೆಯೆಂದು ಹೊಡೆದು 1/2 ಎಂದು ಬರೆಯುವವರೂ ಅಷ್ಟೇ ಮಂದಿ. ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ಗಣಿತ ಪುಸ್ತಕದಲ್ಲಿ ಇಂಥ ತಪ್ಪುಗಳನ್ನೇ ಸಾಲಾಗಿ ಕೊಟ್ಟು, ಹುಡುಕಿ ಸರಿಪಡಿಸಿ ಎನ್ನುವ ಅಭ್ಯಾಸವೊಂದು ವರ್ಷಗಟ್ಟಲೆ ಇತ್ತು. ತಪ್ಪೇ ಒಂದು ಪಾಠವಾಗುವಷ್ಟು ಅದು ಸಾಮಾನ್ಯ. ಪರೀಕ್ಷೆ ಮಾಡುವುದೇನೂ ಕಷ್ಟವಲ್ಲ. ಕ್ಷ ಜಾಗದಲ್ಲಿ 1 ಇಟ್ಟರೆ ಮೊದಲನೆಯದು 12/5. ಹುಡುಗ ಬರೆದದ್ದು 7. ಎರಡನೆಯದು 3/5, ಹುಡುಗಿ ಬರೆದದ್ದು 1/2. ಒಂದೇ ಒಂದು ಸಂಖ್ಯೆ ಇಟ್ಟು ನೋಡುವ ತಾಳ್ಮೆ ಇದ್ದಿದ್ದರೆ ಎರಡೂ ಅಲ್ಲೇ ಸಿಕ್ಕಿಬೀಳುತ್ತಿದ್ದವು.

ಮೇಲೂ ಇದೆ, ಕೆಳಗೂ ಇದೆ, ಹಾಗಿದ್ದ ಮೇಲೆ ಯಾಕೆ ಹೊಡೆಯಬಾರದು? ಮಕ್ಕಳ ಈ ಪ್ರಶ್ನೆ ನ್ಯಾಯವಾದದ್ದೇ. ‘ನಿಯಮ ಹಾಗಿದೆ’ ಎಂದು ಬಾಯಿ ಮುಚ್ಚಿಸಿದರೆ ಮುಂದಿನ ಲೆಕ್ಕದಲ್ಲಿ ತಪ್ಪು ಮತ್ತೆ ತಲೆಯೆತ್ತುತ್ತದೆ. ಒಂದು ವಯಸ್ಸಿನ ಲೆಕ್ಕ ತೆಗೆದುಕೊಳ್ಳೋಣ. ಮಗನಿಗೆ 5 ವರ್ಷ, ಅಪ್ಪನಿಗೆ 35. ಅಪ್ಪನ ವಯಸ್ಸು ಮಗನದರ ಏಳು ಪಟ್ಟು. 25 ವರ್ಷ ಕಳೆಯಿತು ಎನ್ನಿ. ಕಾಲ ಇಬ್ಬರಿಗೂ ಭೇದ ಮಾಡದೆ ಅಷ್ಟಷ್ಟೇ ಕೂಡಿಸಿದೆ. ಈಗ ಮಗನಿಗೆ 30, ಅಪ್ಪನಿಗೆ 60, ಬರೀ ಎರಡು ಪಟ್ಟು. ಅಂದರೆ (35 + 25)/(5 + 25) ಎಂಬಲ್ಲಿ 25 ಎರಡೂ ಕಡೆ ಇದೆಯೆಂದು ಹೊಡೆದು ಹಾಕಿದರೆ, ಅರವತ್ತರ ಅಪ್ಪ ಮೂವತ್ತರ ಮಗನಿಗಿಂತ ಏಳು ಪಟ್ಟು ಹಿರಿಯನಾಗಿಬಿಡುತ್ತಾನೆ. ಈಗ ಅದೇ 35 ಮತ್ತು 5 ವರ್ಷವನ್ನು ತಿಂಗಳ ಲೆಕ್ಕದಲ್ಲಿ ಬರೆಯಿರಿ. ಎರಡನ್ನೂ 12ರಿಂದ ಗುಣಿಸಬೇಕು: 420 ತಿಂಗಳು, 60 ತಿಂಗಳು. ಈಗಲೂ ಏಳೇ ಪಟ್ಟು. ಇಲ್ಲಿ 12ನ್ನು ಧಾರಾಳವಾಗಿ ಹೊಡೆಯಬಹುದು, ಯಾರ ವಯಸ್ಸಿಗೂ ಧಕ್ಕೆಯಿಲ್ಲ.

ಇಷ್ಟರಲ್ಲಿ ಇಡೀ ವಿಷಯ ಬಂದುಹೋಯಿತು. ಎರಡೂ ಕಡೆ ಕೂಡಿಸಿದ್ದು ಅನುಪಾತವನ್ನು ಕದಲಿಸುತ್ತದೆ, ಎರಡೂ ಕಡೆ ಗುಣಿಸಿದ್ದು ಕದಲಿಸುವುದಿಲ್ಲ. ಕೂಡಿಸಿ ನಿಂತದ್ದಕ್ಕೆ ಗಣಿತದಲ್ಲಿ ಪದ ಎನ್ನುತ್ತಾರೆ, ಗುಣಿಸಿ ನಿಂತದ್ದಕ್ಕೆ ಅಪವರ್ತನ ಎನ್ನುತ್ತಾರೆ. ಹೊಡೆಯುವ ಅಧಿಕಾರ ನಮಗಿರುವುದು ಅಪವರ್ತನದ ಮೇಲೆ ಮಾತ್ರ. ಆದ್ದರಿಂದ ಭಿನ್ನರಾಶಿಯ ಮೇಲೂ ಕೆಳಗೂ ಪದಗಳು ಸಾಲುಗಟ್ಟಿ ನಿಂತಿದ್ದರೆ, ಪೆನ್ಸಿಲ್ ಎತ್ತುವ ಮೊದಲು ಅವುಗಳನ್ನು ಅಪವರ್ತನಗಳಾಗಿ ಬಿಡಿಸಿಕೊಳ್ಳಬೇಕು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನೋಡಿದರೆ ಹೆದರಿಕೆ ಹುಟ್ಟಿಸುವ ಒಂದು ಲೆಕ್ಕಕ್ಕೆ ಕೈಹಾಕೋಣ.

(ಕ್ಷ² − 9)/(ಕ್ಷ² + 5ಕ್ಷ + 6) × (ಕ್ಷ² + 2ಕ್ಷ)/(ಕ್ಷ² − 4ಕ್ಷ + 3)

ಆತುರಗಾರ ಏನು ಮಾಡುತ್ತಾನೆ? ಗುಣಾಕಾರ ಅಂದಿದ್ದಾರೆ, ಗುಣಿಸಿಬಿಡೋಣ ಎನ್ನುತ್ತಾನೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ. ಅರ್ಧ ಪುಟ ತುಂಬಿದ ಮೇಲೆ ಮೇಲುಗಡೆ ಕ್ಷ⁴ + 2ಕ್ಷ³ − 9ಕ್ಷ² − 18ಕ್ಷ, ಕೆಳಗಡೆ ಕ್ಷ⁴ + ಕ್ಷ³ − 11ಕ್ಷ² − 9ಕ್ಷ + 18. ಒಂದು ಚಿಹ್ನೆಯೂ ತಪ್ಪಿಲ್ಲ, ಲೆಕ್ಕವೂ ಮುಂದಕ್ಕೆ ಹೋಗಿಲ್ಲ. ಇದನ್ನು ಸಂಕ್ಷೇಪಿಸಿ ಎಂದರೆ ಮೇಷ್ಟ್ರಿಗೂ ಬೆವರು ಬರುತ್ತದೆ.

ನಿಧಾನಸ್ಥ ಬೇರೆ ದಾರಿ ಹಿಡಿಯುತ್ತಾನೆ. ನಾಲ್ಕು ತುಂಡುಗಳನ್ನೂ ಒಂದೊಂದಾಗಿ ಬಿಡಿಸುತ್ತಾನೆ. ಕ್ಷ² − 9 ಎಂದರೆ ಎರಡು ವರ್ಗಗಳ ವ್ಯತ್ಯಾಸ, ಆದ್ದರಿಂದ (ಕ್ಷ − 3)(ಕ್ಷ + 3). ಕ್ಷ² + 5ಕ್ಷ + 6ಕ್ಕೆ, ಕೂಡಿದರೆ 5, ಗುಣಿಸಿದರೆ 6 ಆಗುವ ಎರಡು ಸಂಖ್ಯೆ ಬೇಕು. 2 ಮತ್ತು 3 ಸಿಕ್ಕಿದವು, ಹಾಗಾಗಿ (ಕ್ಷ + 2)(ಕ್ಷ + 3). ಕ್ಷ² + 2ಕ್ಷದಲ್ಲಿ ಎರಡು ಪದಕ್ಕೂ ಸಾಮಾನ್ಯವಾದ ಕ್ಷ ಹೊರಗೆ ಬರುತ್ತದೆ: ಕ್ಷ(ಕ್ಷ + 2). ಕೊನೆಯದಕ್ಕೆ ಕೂಡಿದರೆ −4, ಗುಣಿಸಿದರೆ 3. ಅವು −1 ಮತ್ತು −3, ಹಾಗಾಗಿ (ಕ್ಷ − 1)(ಕ್ಷ − 3). ಈಗ ಸಾಲು ಹೀಗಾಯಿತು:

[(ಕ್ಷ − 3)(ಕ್ಷ + 3)]/[(ಕ್ಷ + 2)(ಕ್ಷ + 3)] × [ಕ್ಷ(ಕ್ಷ + 2)]/[(ಕ್ಷ − 1)(ಕ್ಷ − 3)]

ಮೇಲಿನ (ಕ್ಷ + 3) ಕೆಳಗಿನದರ ಜೊತೆ ಹೋಯಿತು. (ಕ್ಷ − 3) ಪಕ್ಕದ ಭಿನ್ನರಾಶಿಯ ಛೇದದ ಜೊತೆ, (ಕ್ಷ + 2) ಇನ್ನೊಂದು ಓರೆಯಲ್ಲಿ ಹೋಯಿತು. ಉಳಿದದ್ದು ಕ್ಷ/(ಕ್ಷ − 1). ಆ ನಾಲ್ಕನೇ ಘಾತದ ರಾಕ್ಷಸ ಗಾತ್ರದ ಹಿಂದೆ ಇದ್ದದ್ದು ಇಷ್ಟೇ.

ನಂಬಿಕೆ ಬರದಿದ್ದರೆ ಕ್ಷ ಜಾಗದಲ್ಲಿ 10 ಇಡಿ. ಲೆಕ್ಕ 91/156 × 120/63 ಆಗುತ್ತದೆ. 91ನ್ನು ಅವಿಭಾಜ್ಯ ಸಂಖ್ಯೆ ಎಂದು ತಿಳಿದವರು ಬಹಳ ಜನ. ಮಗ್ಗಿಯ ಪರಿಚಿತ ಸಾಲುಗಳಲ್ಲಿ ಅದು ಸಿಗುವುದಿಲ್ಲ. ಆದರೆ ಅದು 100 − 9, ಅಂದರೆ (10 − 3)(10 + 3), ಅಂದರೆ 7 × 13. ಹಾಗೆಯೇ 156 ಎಂದರೆ 12 × 13, 120 ಎಂದರೆ 10 × 12, 63 ಎಂದರೆ 9 × 7. ಮೇಲೆ 7, 13, 10, 12. ಕೆಳಗೆ 12, 13, 9, 7. ಹೊಡೆಯುತ್ತ ಬನ್ನಿ, 10/9 ಉಳಿಯುತ್ತದೆ. ಕ್ಷ/(ಕ್ಷ − 1)ರಲ್ಲಿ ಕ್ಷಕ್ಕೆ 10 ಇಟ್ಟರೂ ಅದೇ. ಬೀಜಗಣಿತ ಬೇರೆ ಲೋಕದ ವಿದ್ಯೆಯೇನೂ ಅಲ್ಲ. ಚಿಕ್ಕ ಕ್ಲಾಸುಗಳಲ್ಲಿ ಅಂಕಿಗಳ ಜೊತೆ ಮಾಡಿದ್ದನ್ನೇ ಒಂಬತ್ತರಲ್ಲಿ ಅಕ್ಷರಗಳ ಜೊತೆ ಮಾಡುತ್ತಿದ್ದೇವೆ, ಒಂದೇ ಸಲಕ್ಕೆ ಎಲ್ಲ ಅಂಕಿಗಳಿಗೂ ಅನ್ವಯಿಸುವ ಹಾಗೆ.

ಗುಣಿಸುವ ಮೊದಲೇ ಓರೆಯಾಗಿ ಹೊಡೆದುಕೊಳ್ಳಿ ಎಂಬ ಈ ಬುದ್ಧಿ ಇಂದಿನದಲ್ಲ. ನಮ್ಮ ನೆಲದಲ್ಲಿ ಅದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ ಭಿನ್ನರಾಶಿಗಳಿಗೇ ಮೀಸಲಾದ ಅಧ್ಯಾಯವೊಂದಿದೆ. ಅಲ್ಲಿ ಗುಣಾಕಾರದ ನಿಯಮ ಹೇಳುವಾಗ ಅವರು ಬರೀ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಎಂದು ಬಿಡುವುದಿಲ್ಲ. ಸಾಧ್ಯವಿರುವ ಕಡೆಯಲ್ಲೆಲ್ಲ ಮೊದಲು ವಜ್ರಾಪವರ್ತನ ಮಾಡಿಕೊಂಡು ಆಮೇಲೆ ಗುಣಿಸಬೇಕು ಎನ್ನುತ್ತಾರೆ. ಒಂದರ ಅಂಶವನ್ನೂ ಇನ್ನೊಂದರ ಛೇದವನ್ನೂ ಓರೆಯಾಗಿ ಸಂಕ್ಷೇಪಿಸುವ ಕ್ರಮ ಅದು. ಮಳಖೇಡದಲ್ಲಿ ರಾಜಧಾನಿ ಇದ್ದ ಕಾಲದ ಆ ಸಲಹೆ ಇವತ್ತಿನ ಹುಡುಗರ ನೋಟ್‌ಬುಕ್ಕಿಗೂ ಒಂದಕ್ಷರ ಬದಲಿಸದೆ ಅನ್ವಯಿಸುತ್ತದೆ.

ಶಾಲೆ ಬಿಟ್ಟವರಿಗೂ ಈ ಸಲಹೆಯಿಂದ ಲಾಭವಿದೆ. ಒಂದು ಎಕರೆಯಲ್ಲಿ 30-40ರ ಸೈಟು ಎಷ್ಟು ಬೀಳುತ್ತವೆ ಎಂಬ ಲೆಕ್ಕ ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಟೀ ಅಂಗಡಿಯ ಮಾತು. ಎಕರೆಗೆ 40 ಗುಂಟೆ, ಗುಂಟೆಗೆ 33 ಅಡಿ ಉದ್ದ 33 ಅಡಿ ಅಗಲ. ಕ್ಯಾಲ್ಕ್ಯುಲೇಟರ್ ಹಿಡಿದವರು 43,560 ಚದರಡಿ ಮಾಡಿಕೊಂಡು 1,200ರಿಂದ ಭಾಗಿಸುತ್ತಾರೆ. ಬಿಡಿಸಿ ಬರೆಯುವವರು 40 × 33 × 33ರ ಕೆಳಗೆ 30 × 40 ಎಂದು ಹಾಕುತ್ತಾರೆ. 40ಕ್ಕೆ 40 ಹೋಯಿತು, 33 ಮತ್ತು 30ರಲ್ಲಿ ಮೂರನೇ ಮಗ್ಗಿ ಹೋಯಿತು. 11 × 33ರ ಕೆಳಗೆ 10 ಉಳಿಯಿತು, ಅಂದರೆ 36.3. ರಸ್ತೆ, ಚರಂಡಿ, ಉದ್ಯಾನಕ್ಕೆ ಜಾಗ ಬಿಟ್ಟ ಮೇಲೆ ಅಷ್ಟು ಸೈಟು ಸಿಗುವುದಿಲ್ಲ ಎಂಬುದು ಬೇರೆ ಮಾತು. ಆದರೆ ಯಾರಾದರೂ ಎಕರೆಗೆ 40 ಸೈಟು ಎಂದು ಕಾಗದದ ಮೇಲೆ ತೋರಿಸಿದರೆ, ಅಲ್ಲೇ ನಿಂತು ಬಾಯಿಲೆಕ್ಕದಲ್ಲಿ ಸುಳ್ಳು ಹಿಡಿಯಬಹುದು.

ಇಷ್ಟು ಅನುಕೂಲ ಇದ್ದೂ ಮಕ್ಕಳು ಬಿಡಿಸುವುದನ್ನು ಬಿಟ್ಟು ಗುಣಿಸುವುದಕ್ಕೇ ಯಾಕೆ ಓಡುತ್ತಾರೆ? ಗುಣಿಸುವುದಕ್ಕೆ ಯೋಚನೆ ಬೇಡ, ಬಿಡಿಸುವುದಕ್ಕೆ ಬೇಕು. 7ನ್ನು 13ರಿಂದ ಗುಣಿಸು ಎಂದರೆ ಕೈ ತಾನಾಗಿ ಓಡುತ್ತದೆ. 91ನ್ನು ಬಿಡಿಸು ಎಂದರೆ ತಡಕಾಡಬೇಕು. ಈ ತಡಕಾಟ ಮಕ್ಕಳಿಗಷ್ಟೇ ಸೀಮಿತವೂ ಅಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಏರುಪೇರನ್ನೇ ನಂಬಿ ಒಂದು ಗುಪ್ತಲಿಪಿ ಕಟ್ಟಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಕ್ಷಣದ ಕೆಲಸ, ಗುಣಲಬ್ಧ ಕೊಟ್ಟು ಆ ಎರಡನ್ನು ಹುಡುಕು ಎಂದರೆ ಕಂಪ್ಯೂಟರ್‌ಗೂ ಸುಸ್ತು. ಅದೇ ವರ್ಷ ಸವಾಲಾಗಿ ಕೊಟ್ಟ 129 ಅಂಕಿಗಳ ಒಂದು ಸಂಖ್ಯೆ ಒಡೆದದ್ದು 1994ರಲ್ಲಿ. ಆರ್‌ಎಸ್‌ಎ ಎಂಬ ಹೆಸರಿನ ಆ ವಿಧಾನ ಇಂದಿಗೂ ಇಂಟರ್ನೆಟ್ಟಿನ ವ್ಯವಹಾರಗಳನ್ನು ಕಾಯುವ ಬೀಗಗಳಲ್ಲೊಂದು.

ಬಹುಪದೋಕ್ತಿಗಳ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿದೆ. ಅವನ್ನು ಬಿಡಿಸುವುದು ಅಷ್ಟು ದೊಡ್ಡ ಸಂಖ್ಯೆಗಳನ್ನು ಒಡೆದಷ್ಟು ಕಠಿಣವಲ್ಲ. ಹೈಸ್ಕೂಲಿನ ಮಟ್ಟದಲ್ಲಂತೂ ಮೂರು ಪ್ರಶ್ನೆ ಕೇಳಿಕೊಂಡರೆ ಬಹುಪಾಲು ಲೆಕ್ಕ ಮುಗಿಯುತ್ತದೆ. ಎಲ್ಲ ಪದಗಳಿಗೂ ಸಾಮಾನ್ಯವಾದದ್ದು ಏನಾದರೂ ಇದೆಯೇ? ಇದ್ದರೆ ಮೊದಲು ಅದನ್ನು ಹೊರಗೆ ತೆಗೆಯಿರಿ. ಎರಡು ವರ್ಗಗಳ ವ್ಯತ್ಯಾಸವೇ? ಹಾಗಿದ್ದರೆ ನಿತ್ಯಸಮೀಕರಣ ಸಿದ್ಧವಾಗಿದೆ. ಮೂರು ಪದಗಳಿವೆಯೇ? ಮಧ್ಯದ ಪದವನ್ನು ಒಡೆಯಿರಿ. ಭಾಗಾಕಾರ ಕೊಟ್ಟಿದ್ದರೆ ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಾಕಾರಕ್ಕೆ ತಂದುಕೊಳ್ಳಿ, ಉಳಿದದ್ದೆಲ್ಲ ಮೊದಲಿನಂತೆಯೇ. (ಕ್ಷ − 3) ಮೇಲೆ, (3 − ಕ್ಷ) ಕೆಳಗೆ ಬಂದಾಗ ಬೇರೆಬೇರೆ ಎಂದು ಬಿಟ್ಟುಬಿಡಬೇಡಿ, ಎರಡೂ ಒಂದೇ ಎಂದು 1 ಬರೆಯಲೂ ಬೇಡಿ. ಒಂದು ಇನ್ನೊಂದರ ಋಣರೂಪ, ಉತ್ತರ −1.

ಬಿಡಿಸಲು ಬಾರದವೂ ಇರುತ್ತವೆ, ಅದನ್ನು ಒಪ್ಪಿಕೊಳ್ಳುವುದೂ ವಿದ್ಯೆಯೇ. (ಕ್ಷ² + 9)/(ಕ್ಷ + 3) ಕೊಟ್ಟರೆ ಏನೂ ಮಾಡುವಂತಿಲ್ಲ. ಕ್ಷ² + 9 ಎಂಬುದು ವಾಸ್ತವ ಸಂಖ್ಯೆಗಳಲ್ಲಿ ಒಡೆಯುವುದಿಲ್ಲ. ಕ್ಷ + 3ರ ವರ್ಗವೇ ಅದು ಎಂದು ಭ್ರಮಿಸಿ ಕ್ಷ + 3 ಎಂದು ಉತ್ತರ ಬರೆಯುವವರು ನಡುವಿನ 6ಕ್ಷವನ್ನು ಮರೆತಿರುತ್ತಾರೆ. ಕ್ಷಕ್ಕೆ 1 ಇಟ್ಟರೆ ಕೊಟ್ಟದ್ದು 10/4, ಅವರು ಬರೆದದ್ದು 4. ಇದ್ದದ್ದನ್ನು ಇದ್ದ ಹಾಗೆ ಬಿಟ್ಟರೂ ಕೆಲವು ಲೆಕ್ಕಗಳಿಗೆ ಪೂರ್ತಿ ಅಂಕವಿದೆ.

ಎಲ್ಲ ಹೊಡೆದು ಮುಗಿಸಿದ ಮೇಲೆ ಇನ್ನೊಂದು ಹೊಣೆ ಉಳಿದಿರುತ್ತದೆ. ಸಾಮಾನ್ಯವಾಗಿ ಯಾರೂ ಅತ್ತ ತಿರುಗಿ ನೋಡುವುದಿಲ್ಲ. ನಮ್ಮ ಲೆಕ್ಕದ ಉತ್ತರ ಕ್ಷ/(ಕ್ಷ − 1). ಇದರಲ್ಲಿ ಕ್ಷಕ್ಕೆ 3 ಇಟ್ಟರೆ 3/2 ಎಂದು ಸಲೀಸಾಗಿ ಬರುತ್ತದೆ. ಆದರೆ ಮೂಲ ಲೆಕ್ಕಕ್ಕೆ ಹೋಗಿ 3 ಇಟ್ಟು ನೋಡಿ: ಎರಡನೆಯ ಭಿನ್ನರಾಶಿಯ ಛೇದ 9 − 12 + 3, ಅಂದರೆ ಸೊನ್ನೆ. ಸೊನ್ನೆಯಿಂದ ಭಾಗಿಸುವಂತಿಲ್ಲ, ಆದ್ದರಿಂದ ಅಲ್ಲಿ ಮೂಲ ಲೆಕ್ಕಕ್ಕೆ ಬೆಲೆಯೇ ಇಲ್ಲ. −2ರಲ್ಲೂ −3ರಲ್ಲೂ ಇದೇ ಕತೆ. ನಾವು ಹೊಡೆದ ಮೂರು ಅಪವರ್ತನಗಳು ಹೋಗುವಾಗ ತಮ್ಮ ಜೊತೆ ಮೂರು ಎಚ್ಚರಿಕೆಗಳನ್ನೂ ಒಯ್ದಿವೆ. ಹಾಗಾಗಿ ಉತ್ತರವನ್ನು ಪೂರ್ತಿಯಾಗಿ ಬರೆಯುವುದಾದರೆ: ಕ್ಷ/(ಕ್ಷ − 1), ಆದರೆ ಕ್ಷ ಎಂಬುದು 1, 3, −2, −3 ಆಗಿರಬಾರದು. ಈ ನಾಲ್ಕರಲ್ಲಿ 1 ಮಾತ್ರ ಉತ್ತರದ ಮೈಮೇಲೆ ಕಾಣುತ್ತದೆ. ಉಳಿದ ಮೂರು ಕಾಣುವುದಿಲ್ಲ, ನಾವೇ ನೆನಪಿಟ್ಟುಕೊಂಡು ಬರೆಯಬೇಕು.

ಮರೆತರೆ ಏನಾಗುತ್ತದೆ ಎಂದು ತೋರಿಸುವ ಹಳೆಯ ಕಣ್ಕಟ್ಟೊಂದಿದೆ. ಅ, ಬ ಎಂಬ ಸೊನ್ನೆಯಲ್ಲದ ಎರಡು ಸಂಖ್ಯೆಗಳು ಒಂದಕ್ಕೊಂದು ಸಮ ಎಂದಿರಲಿ. ಎರಡೂ ಕಡೆ ‘ಅ’ ಇಂದ ಗುಣಿಸಿದರೆ ಅ² = ಅಬ. ಎರಡೂ ಕಡೆಯಿಂದ ಬ² ಕಳೆದರೆ ಅ² − ಬ² = ಅಬ − ಬ². ಅಪವರ್ತಿಸಿದರೆ (ಅ + ಬ)(ಅ − ಬ) = ಬ(ಅ − ಬ). ಸಾಮಾನ್ಯವಾದ (ಅ − ಬ)ವನ್ನು ಹೊಡೆದರೆ ಅ + ಬ = ಬ. ಎರಡೂ ಸಮವಾದ್ದರಿಂದ 2ಬ = ಬ, ಅಂದರೆ 2 = 1. ಪ್ರತಿ ಹೆಜ್ಜೆಯೂ ಸಭ್ಯವಾಗಿದೆ, ಒಂದನ್ನು ಬಿಟ್ಟು. ಹೊಡೆದದ್ದು ಅಪವರ್ತನವೇ ಹೌದು, ಆದರೆ ಅ ಮತ್ತು ಬ ಸಮವಾದಾಗ ಅ − ಬ ಸೊನ್ನೆ. ಸೊನ್ನೆಯನ್ನು ಹೊಡೆದವರಿಗೆ ಜಗತ್ತಿನ ಯಾವ ಎರಡು ಸಂಖ್ಯೆಗಳನ್ನಾದರೂ ಸಮ ಮಾಡಿ ತೋರಿಸುವುದು ಎಡಗೈ ಆಟ.

ಈ ಸೊನ್ನೆ ದೊಡ್ಡವರನ್ನೂ ಕಾಡಿದೆ. 628ರಲ್ಲಿ ಬ್ರಹ್ಮಗುಪ್ತರು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದರು. ವಜ್ರಾಪವರ್ತನವನ್ನು ಅಷ್ಟು ಚೊಕ್ಕವಾಗಿ ಹೇಳಿದ ಮಹಾವೀರಾಚಾರ್ಯರೇ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಬರೆದರು. ಇಂದಿನ ಗಣಿತ ಇವೆರಡನ್ನೂ ಒಪ್ಪುವುದಿಲ್ಲ. 1150ರಲ್ಲಿ ‘ಲೀಲಾವತಿ’ ಬರೆದ ಭಾಸ್ಕರಾಚಾರ್ಯರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಸೊನ್ನೆಯಿಂದ ಗುಣಿಸಿದ ಮೇಲೆ ಇನ್ನೂ ಕ್ರಿಯೆಗಳು ಬಾಕಿ ಇದ್ದರೆ, ಅವಸರದಲ್ಲಿ ಸೊನ್ನೆ ಎಂದು ಬರೆದುಬಿಡಬೇಡಿ, ಸೊನ್ನೆಯ ಗುಣಕವನ್ನು ಹಾಗೆಯೇ ಇಟ್ಟುಕೊಂಡಿರಿ ಎಂದರು. ಅದಕ್ಕೆ ಅವರು ಕೊಟ್ಟ ಲೆಕ್ಕ ಹೀಗಿದೆ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಅದರ ಅರ್ಧವನ್ನು ಅದಕ್ಕೇ ಕೂಡಿ, 3ರಿಂದ ಗುಣಿಸಿ, ಕೊನೆಗೆ ಸೊನ್ನೆಯಿಂದ ಭಾಗಿಸಿದರೆ 63; ಆ ಸಂಖ್ಯೆ ಯಾವುದು? ಅವರ ಉತ್ತರ 14. ಕಾದು ನಿಂತಿದ್ದ ಸೊನ್ನೆಯ ಗುಣಕ ಕೊನೆಯ ಸೊನ್ನೆಯ ಜೊತೆ ಹೋದರೆ, 14 ಮತ್ತು ಅದರ ಅರ್ಧ ಸೇರಿ 21, ಮೂರು ಪಟ್ಟಾದರೆ 63.

ನಿಜವಾದ ಸೊನ್ನೆಯನ್ನು ಹೀಗೆ ಹೊಡೆಯುವುದನ್ನು ಇಂದಿನ ಮೇಷ್ಟ್ರು ಒಪ್ಪಲಾರರು. ಆದರೆ ಸೊನ್ನೆಗೆ ಹತ್ತಿರ ಹತ್ತಿರ ಹೋಗುತ್ತಿರುವ, ಇನ್ನೂ ಸೊನ್ನೆಯಾಗಿರದ ಸಂಖ್ಯೆ ಎಂದುಕೊಂಡರೆ ಇದು ಕಲನಶಾಸ್ತ್ರದ ಹೊಸ್ತಿಲು. ಎತ್ತರದಿಂದ ಬಿಟ್ಟ ಕಲ್ಲು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕ್ಷ ಸೆಕೆಂಡಿನಲ್ಲಿ ಸುಮಾರು 4.9ಕ್ಷ² ಮೀಟರ್ ಬೀಳುತ್ತದೆ. ಸರಿಯಾಗಿ 3 ಸೆಕೆಂಡ್ ಆದ ಗಳಿಗೆಯಲ್ಲಿ ಅದರ ವೇಗ ಎಷ್ಟು? ಒಂದೇ ಗಳಿಗೆಯಲ್ಲಿ ಸಾಗಿದ ದೂರವೂ ಸೊನ್ನೆ, ಹಿಡಿದ ಹೊತ್ತೂ ಸೊನ್ನೆ. ಹಾಗಾಗಿ 3ಕ್ಕೂ ಕ್ಷಕ್ಕೂ ನಡುವಿನ ಸರಾಸರಿ ವೇಗ ತೆಗೆಯುತ್ತೇವೆ: 4.9(ಕ್ಷ² − 9)/(ಕ್ಷ − 3). ಮತ್ತೆ ಅದೇ ಕ್ಷ² − 9! ಬಿಡಿಸಿ, ಹೊಡೆದು ನೋಡಿ, 4.9(ಕ್ಷ + 3) ಉಳಿಯಿತು. ಈಗ ಕ್ಷವನ್ನು 3ರ ಹತ್ತಿರ ಹತ್ತಿರ ತಂದರೆ ವೇಗ 4.9 × 6, ಅಂದರೆ ಸೆಕೆಂಡಿಗೆ 29.4 ಮೀಟರ್ ಕಡೆಗೆ ಹೋಗುತ್ತದೆ. ಗ್ರಹಗಳ ತಾತ್ಕಾಲಿಕ ಗತಿಯನ್ನು, ಅಂದರೆ ಆ ಗಳಿಗೆಯ ವೇಗವನ್ನು, ‘ಸಿದ್ಧಾಂತಶಿರೋಮಣಿ’ಯಲ್ಲಿ ಲೆಕ್ಕ ಹಾಕಿದವರೂ ಇದೇ ಭಾಸ್ಕರಾಚಾರ್ಯರು. ಒಂಬತ್ತನೇ ತರಗತಿಯಲ್ಲಿ ‘ಇದು ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ?’ ಎಂದು ಕೇಳುವ ಮಕ್ಕಳಿಗೆ ಒಂದು ಉತ್ತರ ಇಲ್ಲಿದೆ. ಪಿಯುಸಿಯಲ್ಲಿ ಬರುವ ಕಲನಶಾಸ್ತ್ರ ಇದರ ಮೇಲೇ ನಿಂತಿದೆ. ಅಲ್ಲಿ ಮುಗ್ಗರಿಸುವ ಎಷ್ಟೋ ಮಕ್ಕಳಿಗೆ ಕಷ್ಟವಾಗಿರುವುದು ಕಲನ ಅಲ್ಲ, ಹಿಂದೆ ಬಿಟ್ಟು ಬಂದ ಅಪವರ್ತನ.

ದಿನದ ಬದುಕಿನಲ್ಲೂ ನಾವು ಪದಗಳನ್ನೇ ಹೊಡೆಯುವ ಜನ. ಟಿವಿ ಚರ್ಚೆ ನೋಡಿ. ಒಬ್ಬರ ಕಾಲದಲ್ಲಿ ಕೆರೆ ಒತ್ತುವರಿಯಾಯಿತು ಎಂದರೆ, ಇನ್ನೊಬ್ಬರು ನಿಮ್ಮ ಕಾಲದಲ್ಲೂ ಆಗಿತ್ತಲ್ಲ ಎನ್ನುತ್ತಾರೆ. ಅಲ್ಲಿಗೆ ಎರಡು ಕಡೆಯದೂ ವಜಾ, ಚರ್ಚೆ ಮುಗಿಯಿತು. ಮನೆಯ ಜಗಳದಲ್ಲೂ ಹಾಗೆಯೇ: ನೀನೂ ಅಂದೆ, ನಾನೂ ಅಂದೆ, ಸರಿಹೋಯಿತು. ಎರಡೂ ಕಡೆ ಒಂದೇ ಮಾತು ಕಂಡಿತೆಂದು ಹೊಡೆದು ಹಾಕಿದೆವು. ಆ ಮಾತಿನ ಜೊತೆ ಏನೇನು ಕೂಡಿಕೊಂಡಿತ್ತು, ಯಾರ ಪಾಲಿಗೆ ಅದು ಎಷ್ಟು ಭಾರವಾಗಿತ್ತು ಎಂದು ಬಿಡಿಸಿ ನೋಡಲಿಲ್ಲ. ಕೆರೆ ಹೋದದ್ದು ಹೋಗಿಯೇ ಇರುತ್ತದೆ, ನೋವಾದವರಿಗೆ ನೋವು ಇದ್ದೇ ಇರುತ್ತದೆ. 16/64ರ ಹಾಗೆ ಎಲ್ಲೋ ಒಮ್ಮೆ ಹೀಗೆ ಹೊಡೆದೂ ಸರಿಯುತ್ತರ ಬಂದುಬಿಡುತ್ತದೆ. ಅಪಾಯ ಅಲ್ಲಿಯೇ ಇದೆ. ತಪ್ಪು ದಾರಿಯಲ್ಲಿ ಒಮ್ಮೆ ಊರು ಸೇರಿದವನು ಮತ್ತೆ ಅದೇ ದಾರಿ ಹಿಡಿಯುತ್ತಾನೆ.

ಮಕ್ಕಳ ಲೆಕ್ಕದ ಪುಸ್ತಕ ನೋಡುವ ತಂದೆತಾಯಿಗಳಲ್ಲಿ, ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಉತ್ತರ ಹೊಂದಿತೇ ಎಂದು ಕೊನೆಯ ಪುಟ ತಿರುಗಿಸುವ ಮೊದಲು ಎರಡು ಪ್ರಶ್ನೆ ಕೇಳಿ. ನೀನು ಹೊಡೆದದ್ದು ಗುಣಿಸಿ ನಿಂತಿತ್ತೋ, ಕೂಡಿ ನಿಂತಿತ್ತೋ? ಹೊಡೆದ ಮೇಲೆ ಯಾವ ಬೆಲೆಗಳನ್ನು ಇಡಬಾರದು ಎಂದು ಪಕ್ಕದಲ್ಲಿ ಬರೆದೆಯಾ? ಮೊದಲನೆಯದಕ್ಕೆ ಸರಿಯಾಗಿ ಹೇಳಿದರೆ ಮಗುವಿಗೆ ಲೆಕ್ಕ ಬಂದಿದೆ ಎಂದರ್ಥ. ಎರಡನೆಯದಕ್ಕೂ ಹೇಳಿದರೆ ಗಣಿತ ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು. ಎರಡಕ್ಕೂ ತಡವರಿಸಿದರೆ ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಕ್ಷ ಜಾಗದಲ್ಲಿ 10 ಇಡಲು ಹೇಳಿ. ಮುಂದಿನದನ್ನು ಅಂಕಿಗಳೇ ಕಲಿಸುತ್ತವೆ.